ನಾಯಿಯ ಮೊಲೆಯ ಗಂಟು: ಕೊಯ್ದದ್ದನ್ನು ಎಸೆಯಬೇಡಿ

ಸಂಪಾದಕರಿಗೆ,

ಮಾನ್ಯರೇ,

ಸಾಕಿದ ಹೆಣ್ಣುನಾಯಿಯ ಮೊಲೆಯಲ್ಲಿ ಗಂಟು ಕಂಡಾಗ ನಮ್ಮ ಕಾಸರಗೋಡು, ಮಂಜೇಶ್ವರ ಕಡೆಯ ಮನೆಗಳಲ್ಲಿ ಎರಡು ಮಾತು ಕೇಳಿಬರುತ್ತವೆ. ಒಂದು ಹಳೆಯದು: ‘ಮುಟ್ಟಲಿಕ್ಕೆ ಹೋಗಬೇಡಿ, ಕತ್ತಿ ತಾಗಿದರೆ ಹಬ್ಬುತ್ತದೆ.’ ಇನ್ನೊಂದು ಈಚೆಗೆ ಮೊಬೈಲಿನಲ್ಲಿ ಹರಿದಾಡುವಂಥದ್ದು: ‘ರೋಗನಿರೋಧಕ ಶಕ್ತಿ ಹೆಚ್ಚಿಸಿ, ಗಂಟು ತಾನಾಗಿ ಕರಗುತ್ತದೆ. ಅರಸಿನ, ಅಮೃತಬಳ್ಳಿ ಕೊಡಿ.’ ಇವನ್ನು ನಂಬಿ ಕಾದವರು ವರ್ಷ ಕಳೆದು ನಾಯಿಯನ್ನು ಮೃಗಾಸ್ಪತ್ರೆಗೆ ತರುವಾಗ ಕಡಲೆ ಕಾಳಿನಷ್ಟಿದ್ದದ್ದು ತೆಂಗಿನ ಗೆರಟೆಯಷ್ಟಾಗಿ, ಚರ್ಮ ಒಡೆದು, ನೊಣ ಮುತ್ತಿರುತ್ತದೆ. ಆ ಹೊತ್ತಿಗೆ ನಾಯಿಗೂ ನೋವು, ಮನೆಯವರಿಗೂ ಸಂಕಟ, ವೈದ್ಯರ ಕೈಯಲ್ಲಿ ಉಳಿದ ದಾರಿಯೂ ಕಡಿಮೆ.

ಎರಡೂ ಮಾತು ತಪ್ಪು. ಎರಡನೆಯದು ಹೆಚ್ಚು ಅಪಾಯದ್ದು, ಏಕೆಂದರೆ ಕೇಳಲಿಕ್ಕೆ ಅದು ವಿಜ್ಞಾನದ ಹಾಗೆ ಇದೆ. ಗಂಟಿನೊಳಗೆ ರೋಗನಿರೋಧಕ ಕಣಗಳಿಗೆ ಬರವಿಲ್ಲ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೆಲವು ಗಡ್ಡೆಗಳಲ್ಲಿ ಅವು ಗುಂಪುಗುಂಪಾಗಿ ತುಂಬಿರುತ್ತವೆ. ಬಂದ ಮೇಲೆ ಅವು ಏನು ಕೆಲಸ ಮಾಡುತ್ತಿವೆ ಎಂಬುದೇ ಪ್ರಶ್ನೆ. ಅವುಗಳಲ್ಲಿ ಹಲವು ಗಡ್ಡೆಯನ್ನು ಕೊಲ್ಲುತ್ತಿರುವುದಿಲ್ಲ, ಅದಕ್ಕೆ ರಕ್ತನಾಳ ಕಟ್ಟಿಕೊಡುತ್ತಿರುತ್ತವೆ. ಇದು ಮನಸ್ಸಿಗೆ ಹತ್ತಿದರೆ ಗಂಟನ್ನು ಏಕೆ ಚಿಕ್ಕದಿರುವಾಗಲೇ ತೆಗೆಸಬೇಕು, ತೆಗೆದದ್ದನ್ನು ಏಕೆ ಪರೀಕ್ಷೆಗೆ ಕಳಿಸಬೇಕು ಎಂಬುದು ತಾನಾಗಿ ತಿಳಿಯುತ್ತದೆ. ಅದಕ್ಕಾಗಿ ಈ ಪತ್ರ. ಸ್ವಲ್ಪ ಉದ್ದವಾಗಿದೆ, ದಯವಿಟ್ಟು ಮೊಟಕುಗೊಳಿಸದೆ ಪ್ರಕಟಿಸಬೇಕಾಗಿ ವಿನಂತಿ.

ನಾಯಿಗೆ ಸಾಮಾನ್ಯವಾಗಿ ಐದು ಜೊತೆ, ಒಟ್ಟು ಹತ್ತು ಮೊಲೆಗಳು. ಗಂಟು ಹೆಚ್ಚಾಗಿ ಏಳುವುದು ಹಿಂದಿನ ಎರಡು ಜೊತೆಗಳಲ್ಲಿ, ಅಂದರೆ ಹೊಟ್ಟೆಯ ಕೆಳಭಾಗ ಮತ್ತು ತೊಡೆಸಂದಿನಲ್ಲಿ. ಸಂತಾನಹರಣ ಶಸ್ತ್ರಚಿಕಿತ್ಸೆ ಆಗದ ಹೆಣ್ಣುನಾಯಿಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಣುವ ಗಡ್ಡೆ ಇದೇ. ಇಂಥ ಗಡ್ಡೆಗಳಲ್ಲಿ ಸುಮಾರು ಅರ್ಧದಷ್ಟು ಕ್ಯಾನ್ಸರ್, ಉಳಿದರ್ಧ ಸೌಮ್ಯ ಎಂಬುದು ಪಶುವೈದ್ಯರ ಸ್ಥೂಲ ಲೆಕ್ಕ. ಯಾವುದು ಯಾವ ಅರ್ಧಕ್ಕೆ ಸೇರಿದ್ದು ಎಂದು ಬೆರಳಿನಿಂದ ಒತ್ತಿ ಹೇಳಲು ಎಷ್ಟು ಅನುಭವಿಗೂ ಸಾಧ್ಯವಿಲ್ಲ. ಬೆಕ್ಕಿನ ವಿಷಯ ಇನ್ನೂ ಕಠಿಣ. ಅದರ ಮೊಲೆಯ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರೇ, ಅಲ್ಲಿ ಒಂದು ವಾರವೂ ಕಾಯಬಾರದು.

ಇನ್ನು ರಕ್ತನಾಳದ ವಿಷಯ. ಜೀವಕೋಶಕ್ಕೆ ಬೇಕಾದ ಆಮ್ಲಜನಕ ಸೂಕ್ಷ್ಮ ರಕ್ತನಾಳದಿಂದ ಒಸರಿ ಬರಬೇಕು. ಆ ಒಸರು ತಲುಪುವುದು ಮಿಲಿಮೀಟರಿನ ಹತ್ತರಲ್ಲೊಂದು, ಹೆಚ್ಚೆಂದರೆ ಐದರಲ್ಲೊಂದು ಭಾಗದಷ್ಟು ದೂರಕ್ಕೆ. ಆದ್ದರಿಂದ ಸ್ವಂತ ರಕ್ತನಾಳವಿಲ್ಲದ ಗಡ್ಡೆ ಒಂದೆರಡು ಮಿಲಿಮೀಟರಿಗೆ, ಸಾಸಿವೆ ಕಾಳಿನ ಗಾತ್ರಕ್ಕೆ ನಿಂತುಬಿಡುತ್ತದೆ. ಮುಂದೆ ಬೆಳೆಯಬೇಕಾದರೆ ಅದು ಹೊಸ ರಕ್ತನಾಳಗಳನ್ನು ತನ್ನೆಡೆಗೆ ಎಳೆದುಕೊಳ್ಳಲೇಬೇಕು ಎಂದು 1971ರಲ್ಲಿ ಅಮೆರಿಕದ ಶಸ್ತ್ರವೈದ್ಯ ಜೂಡಾ ಫೋಕ್‌ಮನ್ ವಾದಿಸಿದರು. ಗುಡ್ಡಕ್ಕೆ ಸುರಂಗ ಕೊರೆದು ನೀರು ತಂದ ಮೇಲೆಯೇ ತೋಟ ಎಬ್ಬಿಸಿದ ನಮ್ಮ ಊರಿನ ಕೃಷಿಕರಿಗೆ ಇದು ಹೊಸ ಸಂಗತಿಯಲ್ಲ. ನೀರು ಬರುವ ಮೊದಲು ಸಸಿ, ಬಂದ ಮೇಲೆ ತೋಟ.

ಗಡ್ಡೆ ಈ ‘ನೀರನ್ನು’ ಕರೆಯುವ ರೀತಿ ಹೀಗೆ. ಆಮ್ಲಜನಕ ಸಾಕಷ್ಟಿರುವಾಗ ಕೋಶವು ಎಚ್‌ಐಎಫ್-1 ಎಂಬ ಪ್ರೋಟೀನನ್ನು ಮಾಡಿದ ಹಾಗೆಯೇ ಒಡೆದುಹಾಕುತ್ತಿರುತ್ತದೆ. ಆಮ್ಲಜನಕ ಕಡಿಮೆಯಾದರೆ ಅದು ಒಡೆಯದೆ ಉಳಿಯುತ್ತದೆ. ಈ ಏರ್ಪಾಡನ್ನು ಬಿಡಿಸಿ ತೋರಿಸಿದ ಮೂವರಿಗೆ 2019ರಲ್ಲಿ ನೊಬೆಲ್ ಬಂತು. ಹಾಗೆ ಉಳಿದ ಎಚ್‌ಐಎಫ್, ವಿಇಜಿಎಫ್ ಎಂಬ ಇನ್ನೊಂದು ಪ್ರೋಟೀನನ್ನು ಮಾಡಿಸುತ್ತದೆ. ಅದು ಹತ್ತಿರದ ರಕ್ತನಾಳದ ಒಳಪದರಕ್ಕೆ ತಾಗಿದೊಡನೆ ಆ ಪದರದ ಕೋಶಗಳು ಸಂಖ್ಯೆಯಲ್ಲಿ ಹೆಚ್ಚುತ್ತ ಗಡ್ಡೆಯ ಕಡೆಗೆ ಚಿಗುರಿಡುತ್ತವೆ. ಆದರೆ ಹೀಗೆ ಅವಸರದಲ್ಲಿ ಬಂದ ನಾಳ ನೆಟ್ಟಗಿರುವುದಿಲ್ಲ. ಎಲ್ಲೋ ಅಗಲ, ಎಲ್ಲೋ ಕಿರಿದು, ಕೆಲವು ಕಡೆ ಮುಂದೆ ದಾರಿಯೇ ಇಲ್ಲದೆ ಮುಗಿಯುತ್ತದೆ, ಗೋಡೆ ಸೋರುತ್ತದೆ. ಸೋರಿದ ದ್ರವ ತುಂಬಿ ಗಡ್ಡೆಯೊಳಗೆ ಒತ್ತಡ ಏರುತ್ತದೆ, ನಾಳವಿದ್ದೂ ಕೆಲವು ಜಾಗಗಳಿಗೆ ಆಮ್ಲಜನಕ ಹೋಗುವುದಿಲ್ಲ, ವಿಇಜಿಎಫ್ ಇನ್ನಷ್ಟು ಹುಟ್ಟುತ್ತದೆ. ಕೊಟ್ಟ ಔಷಧ ಒಳಗಿನವರೆಗೆ ಇಳಿಯದೆ ಹೋಗುವುದಕ್ಕೂ ಈ ಒತ್ತಡವೇ ಒಂದು ಕಾರಣ. ಕ್ಯಾನ್ಸರ್ ಕೋಶ ರಕ್ತಕ್ಕೆ ಇಳಿದು ಶ್ವಾಸಕೋಶಕ್ಕೆ ಹೋಗುವುದೂ ಅದೇ ಸೋರುವ ಗೋಡೆಯ ಮೂಲಕ.

ಈ ಕೆಲಸದಲ್ಲಿ ಗಡ್ಡೆಗೆ ಕೈಜೋಡಿಸುವವುಗಳಲ್ಲಿ ಮುಖ್ಯವಾದವು ಮ್ಯಾಕ್ರೋಫೇಜ್ ಎಂಬ ಬಿಳಿ ಕಣಗಳು. ಶಾಲೆಯ ಪುಸ್ತಕದಲ್ಲಿ ಇವನ್ನು ರೋಗಾಣು ನುಂಗುವ ಸೈನಿಕರು ಎನ್ನುತ್ತಾರೆ. ಅದು ಅರ್ಧ ಮಾತು. ಗಾಯ ರಿಪೇರಿಯೂ ಇವುಗಳದ್ದೇ ಕಸುಬು. ಕೈ ಕೊಯ್ದುಕೊಂಡರೆ ಮೊದಲು ಇವು ಬಂದು ಸತ್ತ ಕೋಶ, ಕೊಳೆ ತಿಂದು ಜಾಗ ಗುಡಿಸುತ್ತವೆ. ಆಮೇಲೆ ವಿಇಜಿಎಫ್ ಬಿಟ್ಟು ಹೊಸ ನಾಳ ಬರಿಸಿ, ಚರ್ಮ ಕೂಡಿಕೊಳ್ಳಲು ಅನುಕೂಲ ಮಾಡಿ, ಕೆಲಸ ಮುಗಿದೊಡನೆ ಕಡಿಮೆಯಾಗುತ್ತವೆ. ಗಡ್ಡೆ ಈ ರಿಪೇರಿಯ ಕರೆಯನ್ನೇ ಸದಾ ಕೂಗುತ್ತಿರುತ್ತದೆ. ರಕ್ತದಲ್ಲಿ ತಿರುಗುವ ಮಾನೋಸೈಟುಗಳು ಆ ಕರೆಗೆ ಓಗೊಟ್ಟು ಒಳಗೆ ಬಂದು ಮ್ಯಾಕ್ರೋಫೇಜ್ ಆಗಿ, ಆಮ್ಲಜನಕ ಕಡಿಮೆಯಿರುವ ಜಾಗದಲ್ಲೇ ಗುಂಪುಗೂಡುತ್ತವೆ. ಅಲ್ಲಿ ತಾವೂ ವಿಇಜಿಎಫ್ ಬಿಡುತ್ತವೆ, ಜೊತೆಗೆ ಅಂಗಾಂಶದ ಜಾಲವನ್ನು ಕತ್ತರಿಸುವ ಕಿಣ್ವ ಬಿಟ್ಟು ಆ ಜಾಲದಲ್ಲಿ ಸಿಕ್ಕಿಕೊಂಡಿದ್ದ ವಿಇಜಿಎಫನ್ನೂ ಬಿಡಿಸುತ್ತವೆ. 1986ರಲ್ಲಿ ಹೆರಾಲ್ಡ್ ಡ್ವೊರಾಕ್ ಎಂಬ ರೋಗಶಾಸ್ತ್ರಜ್ಞರು ಗಡ್ಡೆಯನ್ನು ‘ಮಾಯದ ಗಾಯ’ ಎಂದು ಕರೆದದ್ದು ಇದಕ್ಕೇ. ಕೊಲ್ಲುವ ಬಗೆಯನ್ನು ಎಂ1, ರಿಪೇರಿಯ ಬಗೆಯನ್ನು ಎಂ2 ಎಂದು ಪ್ರಯೋಗಾಲಯದಲ್ಲಿ ವಿಂಗಡಿಸುತ್ತಾರೆ. ನಿಜವಾದ ಗಡ್ಡೆಯಲ್ಲಿ ಇವೆರಡರ ನಡುವಿನವೂ ಬೇಕಾದಷ್ಟು ಇರುತ್ತವೆ. ಆದರೂ ಬೆಳೆದ, ಕೆಟ್ಟ ಗಡ್ಡೆಗಳಲ್ಲಿ ತೂಕ ವಾಲುವುದು ರಿಪೇರಿಯ ಕಡೆಗೆ.

ಟಿ-ಲಿಂಫೋಸೈಟು ಎಂಬ ಇನ್ನೊಂದು ಬಗೆಯ ಬಿಳಿ ಕಣಗಳ ಕಥೆ ಇನ್ನೂ ಸೂಕ್ಷ್ಮ. ಇವುಗಳಲ್ಲಿ ಸಿಡಿ8 ಎಂಬ ಗುರುತಿನವು ಕ್ಯಾನ್ಸರ್ ಕೋಶವನ್ನು ನೇರವಾಗಿ ಕೊಲ್ಲಬಲ್ಲವು. ಸಿಡಿ4 ಗುರುತಿನವು ಬೇರೆ ಕಣಗಳಿಗೆ ದಾರಿ ತೋರುತ್ತವೆ. ಅವುಗಳಲ್ಲೇ ಒಂದು ಪಂಗಡ, ನಿಯಂತ್ರಕ ಟಿ-ಕೋಶಗಳು, ಕೊಲ್ಲುವವನ್ನು ತಡೆದು ನಿಲ್ಲಿಸುತ್ತವೆ. ವಿಇಜಿಎಫ್ ರಕ್ತನಾಳ ಕಟ್ಟುವುದರ ಜೊತೆಗೆ ಇಲ್ಲಿಯೂ ಕೈಯಾಡಿಸುತ್ತದೆ. ನಾಳದ ಗೋಡೆಯ ಮೇಲೆ ಲಿಂಫೋಸೈಟುಗಳು ಹಿಡಿದು ಇಳಿಯುವ ಅಂಟುಗಳನ್ನು ತಗ್ಗಿಸುತ್ತದೆ, ಶತ್ರುವಿನ ಗುರುತು ತೋರಿಸಬೇಕಾದ ಡೆಂಡ್ರಿಟಿಕ್ ಕೋಶಗಳು ಬಲಿಯದಂತೆ ಮಾಡುತ್ತದೆ. ರಕ್ತನಾಳದ ಪ್ರಶ್ನೆ, ರೋಗನಿರೋಧಕ ಕಣದ ಪ್ರಶ್ನೆ ಎಂದು ಎರಡಾಗಿ ನೋಡಿದರೆ ಎರಡೂ ಅರ್ಥವಾಗುವುದಿಲ್ಲ.

ನಾಯಿಗಳ ಮೊಲೆಯ ಗಡ್ಡೆಯಲ್ಲಿ ಈ ಸಂಬಂಧವನ್ನು ಪೋರ್ಚುಗಲ್‌ನ ವಿಲಾ ರಿಯಲ್‌ನಲ್ಲಿರುವ ವಿಶ್ವವಿದ್ಯಾಲಯದ ಪಶುವೈದ್ಯರು ವರ್ಷಗಟ್ಟಲೆ ಅಭ್ಯಾಸ ಮಾಡಿದ್ದಾರೆ. ಕ್ಯಾನ್ಸರ್ ಗಡ್ಡೆಗಳಲ್ಲಿ ಮ್ಯಾಕ್ರೋಫೇಜ್ ಹೆಚ್ಚಿದ್ದಲ್ಲಿ ಚರ್ಮ ಒಡೆಯುವುದು ಹೆಚ್ಚು, ನಾಯಿ ಬದುಕಿದ ಅವಧಿ ಕಡಿಮೆ ಎಂದು ಅವರು ಕಂಡರು. ಟಿ-ಲಿಂಫೋಸೈಟು ಹೆಚ್ಚಿದ್ದ ಗಡ್ಡೆಗಳಲ್ಲಿ ವಿಇಜಿಎಫ್, ರಕ್ತನಾಳ ಎರಡೂ ಹೆಚ್ಚಿದ್ದವು. ಬ್ರೆಜಿಲಿನ ಅಧ್ಯಯನವೊಂದರಲ್ಲಿ ಸಿಡಿ8ಕ್ಕೆ ಹೋಲಿಸಿದರೆ ಸಿಡಿ4 ಹೆಚ್ಚಿದ್ದ ನಾಯಿಗಳ ಗತಿ ಕೆಟ್ಟದಾಗಿತ್ತು. ಮಾಸ್ಟ್ ಕೋಶ ಎಂಬ ರೋಗನಿರೋಧಕ ಕಣಗಳೂ ಇದೇ ಸಾಲಿನವು. ಗಡ್ಡೆಯ ಅಂಚಿನಲ್ಲಿ, ಹೆಚ್ಚಾಗಿ ರಕ್ತನಾಳದ ಬದಿಗೇ ಕುಳಿತು ಹೆಪರಿನ್, ಟ್ರಿಪ್ಟೇಸ್ ಮುಂತಾದವನ್ನು ಬಿಟ್ಟು ನಾಳ ಚಿಗುರಲು ನೆರವಾಗುತ್ತವೆ. ಟೊಲುಯಿಡಿನ್ ಬ್ಲೂ ಬಣ್ಣ ಹಾಕಿದರೆ ಅವುಗಳ ಒಳಗಿನ ಕಾಳುಗಳು ನೇರಳೆಯಾಗಿ ಎದ್ದು ಕಾಣುತ್ತವೆ.

ಇಲ್ಲಿ ಒಂದು ಮಾತು ಸೇರಿಸಬೇಕು. ಬೀದಿನಾಯಿಗಳಲ್ಲಿ ಜನನಾಂಗಕ್ಕೆ ಬರುವ, ಹೂಕೋಸಿನಂತೆ ಒಡೆದು ರಕ್ತ ಒಸರುವ ಟಿವಿಟಿ ಎಂಬ ಗಡ್ಡೆ ಬೇರೆಯೇ ಜಾತಿ. ಅದು ಕೂಡುವಾಗ ಒಂದು ನಾಯಿಯಿಂದ ಇನ್ನೊಂದಕ್ಕೆ ಕೋಶವೇ ದಾಟಿ ಅಂಟುವ ಕ್ಯಾನ್ಸರ್. ವಿನ್‌ಕ್ರಿಸ್ಟಿನ್ ಚುಚ್ಚುಮದ್ದಿಗೆ ಕೆಲವೇ ವಾರಗಳಲ್ಲಿ ಕರಗುತ್ತದೆ, ಕೆಲವೊಮ್ಮೆ ಲಿಂಫೋಸೈಟುಗಳು ನುಗ್ಗಿ ಮದ್ದಿಲ್ಲದೆಯೂ ಕರಗುತ್ತದೆ. ಅದನ್ನು ನೋಡಿದವರು ‘ನಮ್ಮ ನಾಯಿಯ ಗಂಟು ತಾನಾಗಿ ಹೋಯಿತು’ ಎನ್ನುತ್ತಾರೆ, ಅದು ಸುಳ್ಳೂ ಅಲ್ಲ. ಆದರೆ ಆ ಅನುಭವವನ್ನು ಮೊಲೆಯ ಗಡ್ಡೆಗೆ ಹೊಂದಿಸಿ ಕಾಯುವುದು ದೊಡ್ಡ ತಪ್ಪು.

ರಕ್ತನಾಳ ಎಣಿಸುವುದು ಹೇಗೆ ಎಂಬುದನ್ನು ಹತ್ತಿರದಿಂದ ಹೇಳುತ್ತೇವೆ, ಏಕೆಂದರೆ ತಪ್ಪುಗಳು ಎಲ್ಲಿ ನುಸುಳುತ್ತವೆ ಎಂಬುದು ಅಲ್ಲಿ ತಿಳಿಯುತ್ತದೆ. ಮೇಣದಲ್ಲಿ ಹುದುಗಿಸಿದ ಗಡ್ಡೆಯ ತುಂಡಿನಿಂದ 3–4 ಮೈಕ್ರಾನ್ ದಪ್ಪದ ಹಾಳೆ ಕೊಯ್ದು ಗಾಜಿಗೆ ಹಚ್ಚುತ್ತಾರೆ. ರಕ್ತನಾಳದ ಒಳಪದರವನ್ನು ಹಿಡಿಯುವ ಸಿಡಿ31 ಪ್ರತಿಕಾಯ ಹಾಕಿದರೆ ನಾಳಗಳು ಕಂದು ಬಣ್ಣಕ್ಕೆ ತಿರುಗುತ್ತವೆ. ಮೊದಲು ಕಡಿಮೆ ವರ್ಧನದಲ್ಲಿ ಇಡೀ ಹಾಳೆ ನೋಡಿ ನಾಳ ಅತಿ ದಟ್ಟವಾಗಿರುವ ಜಾಗಗಳನ್ನು ಆರಿಸಬೇಕು. ಆಮೇಲೆ ಹೆಚ್ಚಿನ ವರ್ಧನದಲ್ಲಿ ಅವನ್ನು ಎಣಿಸಬೇಕು. ಒಳಗೆ ರಂಧ್ರ ಕಾಣದಿದ್ದರೂ, ಪಕ್ಕದ್ದರಿಂದ ಬೇರೆಯಾಗಿ ನಿಂತ ಕಂದು ಕೋಶವೊಂದನ್ನು ಒಂದು ನಾಳ ಎಂದೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ದಪ್ಪ ಸ್ನಾಯುಗೋಡೆಯ ನಾಳ ಹಳೆಯದು, ಅದನ್ನು ಬಿಡಬೇಕು. ಕೊಳೆತ ಭಾಗ, ಹುಣ್ಣಾದ ಅಂಚು ಬಿಡಬೇಕು. ಹುಣ್ಣಿನ ಅಂಚಿನಲ್ಲಿ ಗಾಯ ಮಾಯುವ ನಾಳಗಳೇ ತುಂಬಿರುತ್ತವೆ, ಅವನ್ನು ಎಣಿಸಿದರೆ ಲೆಕ್ಕ ಸುಳ್ಳಾಗುತ್ತದೆ. ಸೂಕ್ಷ್ಮದರ್ಶಕ ಬದಲಾದರೆ ಕಣ್ಣಿಗೆ ಕಾಣುವ ವೃತ್ತದ ವಿಸ್ತೀರ್ಣವೂ ಬದಲಾಗುತ್ತದೆ. ‘ಒಂದು ಕ್ಷೇತ್ರಕ್ಕೆ ಇಷ್ಟು’ ಎನ್ನುವುದಕ್ಕಿಂತ ಚದರ ಮಿಲಿಮೀಟರಿಗೆ ಎಷ್ಟು ಎಂದು ಬರೆಯುವುದೇ ಸರಿ.

ರೋಗನಿರೋಧಕ ಕಣಗಳ ಎಣಿಕೆಯಲ್ಲೂ ಇಂಥವೇ ತೊಡಕು. ಟಿ-ಲಿಂಫೋಸೈಟುಗಳಿಗೆ ಸಿಡಿ3 ಗುರುತು, ಕೊಳೆಯದಂತೆ ಕಾಪಾಡುವ ಫಾರ್ಮಲಿನ್ ದ್ರಾವಣದಲ್ಲಿಟ್ಟ ತುಂಡಿನಲ್ಲೂ ಚೆನ್ನಾಗಿ ಹಿಡಿಯುತ್ತದೆ. ನಾಯಿಯ ಸಿಡಿ4, ಸಿಡಿ8 ಹಾಗಲ್ಲ, ಅವಕ್ಕೆ ಸಾಮಾನ್ಯವಾಗಿ ತಾಜಾ ಅಥವಾ ಪ್ರಯೋಗಾಲಯದಲ್ಲಿ ಕ್ಷಣಾರ್ಧದಲ್ಲಿ ಹೆಪ್ಪುಗಟ್ಟಿಸಿದ ತುಂಡು ಬೇಕು. ಹೆಚ್ಚಿನ ಅಧ್ಯಯನಗಳು ಸಿಡಿ3 ಲೆಕ್ಕದಲ್ಲೇ ನಿಲ್ಲುವುದು ಅದಕ್ಕೆ. ಸಿಡಿ3 ಕಂಡಿತೆಂದರೆ ಲಿಂಫೋಸೈಟು ಇದೆ ಎಂದಷ್ಟೇ ತಿಳಿಯುತ್ತದೆ, ಅದು ಕೊಲ್ಲುವುದೋ ಕೊಲ್ಲುವವನ್ನು ತಡೆಯುವುದೋ ತಿಳಿಯುವುದಿಲ್ಲ. ಮ್ಯಾಕ್ರೋಫೇಜಿಗೆ ಬಳಸುವ ಮ್ಯಾಕ್387 ಪ್ರತಿಕಾಯ, ಕೀವಿನಲ್ಲಿ ತುಂಬಿರುವ ನ್ಯೂಟ್ರೋಫಿಲ್ ಎಂಬ ಬಿಳಿ ಕಣಗಳಿಗೂ ಬಣ್ಣ ಹಚ್ಚುತ್ತದೆ. ಕೀವಾದ ಗಡ್ಡೆಯಲ್ಲಿ ಅದನ್ನು ನಂಬಿ ಎಣಿಸಿದರೆ ಮ್ಯಾಕ್ರೋಫೇಜ್ ಸಂಖ್ಯೆ ವಿಪರೀತ ಏರುತ್ತದೆ. ನಾಯಿಯ ಗಡ್ಡೆಗೆ ದಿನನಿತ್ಯ ಬರುವ ವರದಿಯಲ್ಲಿ ಈ ಎಣಿಕೆಗಳು ಇರುವುದಿಲ್ಲ. ಅವು ಸಂಶೋಧನೆಯ ಕೆಲಸ. ಆದರೆ ಈಗ ಸರಿಯಾಗಿ ತೆಗೆದಿಟ್ಟ ತುಂಡಿನ ಮೇಲೆ ಮುಂದೆ ಯಾವತ್ತಾದರೂ ಇದನ್ನು ಮಾಡಬಹುದು. ಎಸೆದದ್ದರ ಮೇಲೆ ಮಾಡಲಾಗದು.

ನೋವಿನ ಮಾತ್ರೆಯ ವಿಷಯಕ್ಕೆ ಬರೋಣ. ಅನೇಕ ಮೊಲೆ ಕ್ಯಾನ್ಸರುಗಳಲ್ಲಿ ಕಾಕ್ಸ್-2 ಎಂಬ ಕಿಣ್ವ ಹೆಚ್ಚಿರುತ್ತದೆ. ಅದು ಮಾಡುವ ಪ್ರೊಸ್ಟಾಗ್ಲಾಂಡಿನ್ ವಿಇಜಿಎಫನ್ನು ಏರಿಸಿ ಲಿಂಫೋಸೈಟುಗಳನ್ನು ತಗ್ಗಿಸುತ್ತದೆ. ಆದ್ದರಿಂದ ಕಾಕ್ಸ್-2 ತಡೆಯುವ ಪೈರಾಕ್ಸಿಕಾಮ್, ಫಿರೊಕಾಕ್ಸಿಬ್‌ನಂಥ ಮದ್ದುಗಳನ್ನು ವೈದ್ಯರು ಕೆಲವು ಸಂದರ್ಭದಲ್ಲಿ ಬಳಸುತ್ತಾರೆ. ಇದನ್ನು ಎಲ್ಲಿಯೋ ಓದಿ ಮೆಡಿಕಲ್ ಅಂಗಡಿಯಿಂದ ತಾವೇ ತಂದು ಕೊಡುವವರಿದ್ದಾರೆ, ದಯವಿಟ್ಟು ಬೇಡ. 10 ಕಿಲೋ ತೂಕದ ನಾಯಿಗೆ ಪೈರಾಕ್ಸಿಕಾಮ್ ದಿನಕ್ಕೆ 3 ಮಿಲಿಗ್ರಾಂ. ಮನುಷ್ಯರ ಕ್ಯಾಪ್ಸೂಲಿನಲ್ಲಿರುವುದು 20 ಮಿಲಿಗ್ರಾಂ, ಆರು ಪಟ್ಟಿಗೂ ಹೆಚ್ಚು. ಜಠರದಲ್ಲಿ ಹುಣ್ಣಾಗಿ ಟಾರಿನಂತೆ ಕಪ್ಪು ಮಲ ಹೋಗುತ್ತದೆ, ಮೂತ್ರಪಿಂಡ ಕೆಡುತ್ತದೆ. ಪ್ರೆಡ್ನಿಸೊಲೋನ್‌ನಂಥ ಸ್ಟೀರಾಯ್ಡ್ ಜೊತೆಗೆ ಸೇರಿದರೆ ಜಠರ ತೂತಾಗುವ ಅಪಾಯವೂ ಇದೆ. ಐಬುಪ್ರೊಫೇನ್, ಡೈಕ್ಲೊಫೆನಾಕ್ ನಾಯಿಗೆ ಎಂದಿಗೂ ಕೊಡಬಾರದು.

ಕತ್ತಿ ತಾಗಿದರೆ ಹಬ್ಬುತ್ತದೆ ಎಂಬ ನಂಬಿಕೆ ಹುಟ್ಟಿದ್ದಕ್ಕೂ ಕಾರಣವಿದೆ. ಗಂಟು ತೆಗೆಸಿದ ಕೆಲವು ತಿಂಗಳಿಗೆ ನಾಯಿ ಕೆಮ್ಮಲು ತೊಡಗಿ, ಸೊರಗಿ ಸತ್ತದ್ದನ್ನು ಜನ ಕಂಡಿದ್ದಾರೆ. ಅಲ್ಲಿ ಕೊಯ್ಯುವ ಮೊದಲೇ ಕೋಶಗಳು ಶ್ವಾಸಕೋಶ ಸೇರಿದ್ದವು. ಎಕ್ಸ್-ರೇಯಲ್ಲಿ ಗಂಟು ಕಾಣಬೇಕಾದರೆ ಅದು ಅರ್ಧ ಸೆಂಟಿಮೀಟರಾದರೂ ಆಗಿರಬೇಕು, ಅದಕ್ಕಿಂತ ಸಣ್ಣದು ಚಿತ್ರದಲ್ಲಿ ಸಿಗುವುದಿಲ್ಲ. ಇನ್ನು ಕೆಲವು ಕಡೆ ಗಂಟನ್ನು ಮಾತ್ರ ಕೆತ್ತಿ ತೆಗೆದು ಸುತ್ತಲಿನದನ್ನು ಬಿಟ್ಟಿರುತ್ತಾರೆ, ಅದು ಅದೇ ಜಾಗದಲ್ಲಿ ಮರಳಿ ಏಳುತ್ತದೆ. ಮೂರನೆಯ ಕಾರಣ, ಹತ್ತೂ ಮೊಲೆಗಳು ಒಂದೇ ಹಾರ್ಮೋನಿನಲ್ಲಿ ಮಿಂದವು, ಒಂದರಲ್ಲಿ ಎದ್ದದ್ದು ಆಮೇಲೆ ಪಕ್ಕದ್ದರಲ್ಲಿ ಹೊಸದಾಗಿ ಏಳಬಹುದು. ಅದು ಹಬ್ಬಿದ್ದಲ್ಲ.

ಮನೆಯಲ್ಲಿ ಮಾಡಬೇಕಾದ್ದು ಕಷ್ಟವಿಲ್ಲ. ನಾಯಿಗೆ ಐದಾರು ವರ್ಷ ದಾಟಿದ ಮೇಲೆ ತಿಂಗಳಿಗೊಮ್ಮೆ ಅಂಗಾತ ಮಲಗಿಸಿ, ಕಂಕುಳಿನಿಂದ ತೊಡೆಸಂದಿನವರೆಗೆ ಎರಡೂ ಸಾಲನ್ನು ಹೆಬ್ಬೆರಳು ಮತ್ತು ಮೊದಲೆರಡು ಬೆರಳ ನಡುವೆ ಹಿಡಿದು ಹೊರಳಿಸಿ ನೋಡಬೇಕು. ಮೊಲೆತೊಟ್ಟಿನ ಕೆಳಗೆ ಮಾತ್ರವಲ್ಲ, ಎರಡು ಮೊಲೆಗಳ ನಡುವಿನ ಜಾಗದಲ್ಲೂ ನೋಡಬೇಕು. ಅಕ್ಕಿಕಾಳಿನಷ್ಟು ಗಟ್ಟಿ ಸಿಕ್ಕಿದರೂ ಗೋಡೆಯ ಕ್ಯಾಲೆಂಡರಿನಲ್ಲಿ ದಿನಾಂಕ, ಎಷ್ಟನೆಯ ಮೊಲೆ, ಎಷ್ಟು ಮಿಲಿಮೀಟರು ಎಂದು ಬರೆಯಿರಿ. 3 ಸೆಂಟಿಮೀಟರು ಒಂದು ಮುಖ್ಯ ಗೆರೆ. ಅದಕ್ಕಿಂತ ಚಿಕ್ಕದಿರುವಾಗ ತೆಗೆದ ಕ್ಯಾನ್ಸರಿನಲ್ಲಿ ನಾಯಿ ಬದುಕುವ ಸಂಭವ ಎಷ್ಟೋ ಹೆಚ್ಚು. ಹತ್ತು ರೂಪಾಯಿ ನಾಣ್ಯದ ಅಗಲ 27 ಮಿಲಿಮೀಟರು. ಗಂಟು ನಾಣ್ಯದಷ್ಟಾಗುವ ಮೊದಲು ಆಸ್ಪತ್ರೆಗೆ ಬರಬೇಕು ಎಂದು ನೆನಪಿಟ್ಟರೆ ಸಾಕು. ಬೆದೆಗೆ ಬಂದ ಎರಡು ತಿಂಗಳಿಗೆ ಎಲ್ಲ ಮೊಲೆಗಳೂ ಒಂದೇ ಸಮನೆ ಉಬ್ಬಿ ಹಾಲು ಬರುವುದಿದೆ. ಅದು ಸುಳ್ಳು ಗರ್ಭ, ಎರಡು ಮೂರು ವಾರದಲ್ಲಿ ಇಳಿಯುತ್ತದೆ.

ಆದರೆ ಮರಿ ಹಾಕದ ನಾಯಿಯ ಮೊಲೆಗಳು ಏಕಾಏಕಿ ಕೆಂಪಾಗಿ, ಬಿಸಿಯಾಗಿ, ಚರ್ಮ ಹಲಗೆಯಂತೆ ಬಿಗಿದು, ಮುಟ್ಟಿದರೆ ನೋವಾಗುತ್ತಿದ್ದರೆ ಅದನ್ನು ಕೆಚ್ಚಲುಬಾವು ಎಂದು ತಿಳಿದು ಆ್ಯಂಟಿಬಯಾಟಿಕ್ ಕೊಡುತ್ತ ಕೂರಬಾರದು. ಉರಿಯೂತದ ಕಾರ್ಸಿನೋಮ ಎಂಬ ಅತಿ ಕೆಟ್ಟ ಬಗೆ ಹಾಗೆಯೇ ಕಾಣುತ್ತದೆ. ಚರ್ಮದ ದುಗ್ಧನಾಳಗಳಲ್ಲಿ (ಹಾಲಿನ ನಾಳವಲ್ಲ, ಲಿಂಫ್ ದ್ರವ ಹರಿಯುವ ನಾಳ) ಕ್ಯಾನ್ಸರ್ ಕೋಶ ತುಂಬಿ ನಿಲ್ಲುವುದರಿಂದ ಆ ಬಾವು. ಮೊಲೆಯ ಗಂಟುಗಳಲ್ಲಿ ಕೊಯ್ಯಬಾರದ ಬಗೆ ಇದು. ಹೊಲಿಗೆ ಕೂಡುವುದಿಲ್ಲ, ರಕ್ತ ಹೆಪ್ಪುಗಟ್ಟುವ ವ್ಯವಸ್ಥೆಯೇ ಕೆಟ್ಟಿರಬಹುದು.

ಶಸ್ತ್ರಚಿಕಿತ್ಸೆಗೆ ಮೊದಲು ರಕ್ತಪರೀಕ್ಷೆ, ಮತ್ತು ಎದೆಯ ಎಕ್ಸ್-ರೇ ಮೂರು ಭಂಗಿಯಲ್ಲಿ: ಎಡ ಮಗ್ಗುಲು, ಬಲ ಮಗ್ಗುಲು, ಅಂಗಾತ. ಒಂದೇ ಮಗ್ಗುಲು ತೆಗೆದರೆ ಕೆಳಗೆ ಬಿದ್ದ ಶ್ವಾಸಕೋಶ ಕುಗ್ಗಿ ಅದರೊಳಗಿನ ಗಂಟು ಮುಚ್ಚಿಹೋಗುತ್ತದೆ. ಅರ್ಧ ಸೆಂಟಿಮೀಟರಿಗಿಂತ ಚಿಕ್ಕ, ಅಲುಗಾಡುವ ಗಂಟನ್ನು ಮಾತ್ರ ಬಿಡಿಯಾಗಿ ತೆಗೆಯಬಹುದು. ದೊಡ್ಡದಾದರೆ ಆ ಮೊಲೆಯನ್ನು, ಅಗತ್ಯ ಬಿದ್ದರೆ ಪಕ್ಕದ್ದನ್ನೂ ಸೇರಿಸಿ, ಸುತ್ತ 2 ಸೆಂಟಿಮೀಟರ್ ಒಳ್ಳೆಯ ಅಂಗಾಂಶದೊಡನೆ ತೆಗೆಯಬೇಕು. ಐದನೆಯ ಮೊಲೆ ತೆಗೆಯುವಾಗ ತೊಡೆಸಂದಿನ ದುಗ್ಧಗ್ರಂಥಿಯೂ (ಲಿಂಫ್ ಗ್ರಂಥಿ) ಅದರೊಡನೆ ಬರಬೇಕು. ಅಲ್ಲಿಂದ ಮೇಲೆ ಬರುವ ಎಪಿಗ್ಯಾಸ್ಟ್ರಿಕ್ ರಕ್ತನಾಳವನ್ನು ಹುಡುಕಿ ಕಟ್ಟದೆ ಮುಂದೆ ಹೋಗಬಾರದು, ಗಡ್ಡೆ ದೊಡ್ಡದಿದ್ದರೆ ಅದು ಬಹಳ ದಪ್ಪಗಾಗಿರುತ್ತದೆ. ಎರಡೂ ಸಾಲನ್ನು ಒಂದೇ ದಿನ ತೆಗೆದರೆ ಚರ್ಮ ಸಾಲದೆ ಹೊಲಿಗೆ ಬಿಡುತ್ತದೆ, ನಡುವೆ ನಾಲ್ಕರಿಂದ ಆರು ವಾರ ಬಿಡುವುದು ಲೇಸು.

ಈಗ ನಾವು ಮುಖ್ಯವಾಗಿ ಹೇಳಬೇಕೆಂದಿದ್ದ ಮಾತು. ಕೊಯ್ದ ಗಡ್ಡೆ ಬಕೆಟಿಗೆ ಹೋಗಬಾರದು. ಅದು ಅಗಲ ಬಾಯಿಯ ಬಾಟಲಿಗೆ, 10 ಶೇಕಡಾ ಫಾರ್ಮಲಿನ್‌ಗೆ ಹೋಗಬೇಕು. ಅಂಗಡಿಯಲ್ಲಿ ಸಿಗುವ ಫಾರ್ಮಲಿನ್ 100 ಮಿಲಿಲೀಟರ್, ಬಟ್ಟಿ ಇಳಿಸಿದ ನೀರು 900 ಮಿಲಿಲೀಟರ್, ಸೋಡಿಯಂ ಡೈಹೈಡ್ರೋಜನ್ ಫಾಸ್ಫೇಟ್ 4 ಗ್ರಾಂ, ಡೈಸೋಡಿಯಂ ಹೈಡ್ರೋಜನ್ ಫಾಸ್ಫೇಟ್ 6.5 ಗ್ರಾಂ. ಬೋರ್ಡೊ ದ್ರಾವಣಕ್ಕೆ ಮೈಲುತುತ್ತು ಒಂದು ಕಿಲೋ, ಸುಣ್ಣ ಒಂದು ಕಿಲೋ, ನೀರು ನೂರು ಲೀಟರ್ ಎಂದು ಬಾಯಿಪಾಠ ಇರುವ ಅಡಿಕೆ ಬೆಳೆಗಾರರಿಗೆ ಅಳತೆ ತಪ್ಪಿದರೆ ಏನಾಗುತ್ತದೆಂದು ಗೊತ್ತು. ಇಲ್ಲೂ ಹಾಗೆಯೇ. ನೀರು ಬೆರೆಸದ ಫಾರ್ಮಲಿನ್ ಹಾಕಿದರೆ ಹೊರಗಿನ ಪದರ ಚರ್ಮದಂತೆ ಗಟ್ಟಿಯಾಗಿ ಒಳಗೆ ದ್ರಾವಣ ಇಳಿಯದು. ಆ ಎರಡು ಫಾಸ್ಫೇಟ್ ಲವಣ ಹಾಕದಿದ್ದರೆ ದ್ರಾವಣ ಹುಳಿಯಾಗಿ ತುಂಡಿನಲ್ಲಿ ಕಪ್ಪು ಕಣಗಳು ಕೂರುತ್ತವೆ.

ತುಂಡಿನ ಹತ್ತು ಪಟ್ಟು ದ್ರಾವಣ ಬೇಕು. ಫಾರ್ಮಲಿನ್ ಒಳಗಿಳಿಯುವುದು ಗಂಟೆಗೆ 1 ಮಿಲಿಮೀಟರಿಗಿಂತ ಹೆಚ್ಚಿಲ್ಲ. ನಿಂಬೆಗಿಂತ ದೊಡ್ಡ ಗಡ್ಡೆಯನ್ನು ಇಡಿಯಾಗಿ ಮುಳುಗಿಸಿದರೆ ಮೇ ತಿಂಗಳ ನಮ್ಮ ಸೆಕೆಯಲ್ಲಿ ನಡುಭಾಗ ಕೊಳೆತೇ ಹೋಗುತ್ತದೆ. ರೊಟ್ಟಿ ಹೋಳು ಮಾಡಿದಂತೆ ಸೆಂಟಿಮೀಟರಿಗೊಂದು ಗೀಟು ಹಾಕಿ, ಒಂದು ಬದಿ ಪೂರ್ತಿ ಕತ್ತರಿಸದೆ ಕೂಡಿಸಿಯೇ ಇಡಬೇಕು, ಆಗ ಯಾವ ಅಂಚು ಎಲ್ಲಿಯದು ಎಂದು ನೋಡುವವರಿಗೆ ತಿಳಿಯುತ್ತದೆ. ಸಲೈನಿನಲ್ಲಿ ಇಡಬಾರದು, ಫ್ರೀಜರಿನಲ್ಲಂತೂ ಇಡಲೇಬಾರದು, ಮಂಜಿನ ಹರಳು ಕೋಶಗಳನ್ನು ಹರಿದುಹಾಕುತ್ತದೆ. ಒಂದೆರಡು ದಿನದೊಳಗೆ ಪ್ರಯೋಗಾಲಯ ಮುಟ್ಟಿಸಿದರೆ ಒಳ್ಳೆಯದು. ವಾರಗಟ್ಟಲೆ ಬಿದ್ದ ತುಂಡಿನಲ್ಲಿ ಸಾಮಾನ್ಯ ಬಣ್ಣ ಹಿಡಿದರೂ ನಾವು ಮೇಲೆ ಹೇಳಿದ ಸಿಡಿ31, ಸಿಡಿ3 ಗುರುತುಗಳು ಮಸುಕಾಗುತ್ತವೆ. ಸೂಜಿಯಿಂದ ಎಳೆದು ಗಾಜಿಗೆ ಹಚ್ಚಿದ ಸ್ಲೈಡ್ ಇದ್ದರೆ ಅದನ್ನು ಬೇರೆ ಪೆಟ್ಟಿಗೆಯಲ್ಲೇ ಕಳಿಸಿ. ಫಾರ್ಮಲಿನ್ ಆವಿ ತಾಗಿದ ಸ್ಲೈಡ್ ಬಣ್ಣ ಹಿಡಿಯದೆ ಹಾಳಾಗುತ್ತದೆ. ಒಂದಕ್ಕಿಂತ ಹೆಚ್ಚು ಗಂಟಿದ್ದರೆ ಒಂದೊಂದಕ್ಕೂ ಒಂದೊಂದು ಬಾಟಲಿ, ಒಂದೊಂದು ಚೀಟಿ. ಒಂದೇ ನಾಯಿಯಲ್ಲಿ ಒಂದು ಸೌಮ್ಯ, ಇನ್ನೊಂದು ಕ್ಯಾನ್ಸರ್ ಇರುವುದು ಅಪರೂಪವಲ್ಲ.

ವರದಿ ಬಂದಾಗ ‘ಕ್ಯಾನ್ಸರ್’ ಎಂಬ ಒಂದು ಪದ ನೋಡಿ ಕಂಗಾಲಾಗಬೇಡಿ. ಗ್ರೇಡ್ (ಕ್ಯಾನ್ಸರ್ ಎಷ್ಟು ಕೆಟ್ಟದ್ದೆಂಬ ದರ್ಜೆ, ಒಂದು ಕಡಿಮೆ, ಮೂರು ಹೆಚ್ಚು) ಒಂದೋ ಮೂರೋ, ಕೊಯ್ದ ಅಂಚು ಶುದ್ಧವಿದೆಯೇ, ರಕ್ತನಾಳ ಅಥವಾ ದುಗ್ಧನಾಳದೊಳಗೆ ಕೋಶ ಹೊಕ್ಕಿದೆಯೇ, ಗ್ರಂಥಿಗೆ ಹೋಗಿದೆಯೇ ಎಂಬ ನಾಲ್ಕನ್ನು ವೈದ್ಯರಲ್ಲಿ ಕೇಳಿ. ಗ್ರೇಡ್ ಒಂದಾಗಿ ಅಂಚು ಶುದ್ಧವಿದ್ದರೆ ಅನೇಕ ನಾಯಿಗಳು ಪೂರ್ತಿ ಆಯಸ್ಸು ಬಾಳುತ್ತವೆ.

ತಡೆಯುವ ದಾರಿಯನ್ನು ಚುಟುಕಾಗಿ ಹೇಳುತ್ತೇವೆ. 1969ರ ಅಮೆರಿಕದ ಅಧ್ಯಯನವೊಂದರ ಪ್ರಕಾರ ಮೊದಲ ಬೆದೆಗೆ ಮುಂಚೆ ಅಂಡಾಶಯ ತೆಗೆದ ನಾಯಿಗಳಲ್ಲಿ ಅಪಾಯ, ತೆಗೆಯದವಕ್ಕೆ ಹೋಲಿಸಿದರೆ, ಶೇ. 0.5ಕ್ಕೆ ಇಳಿದಿತ್ತು. ಒಂದು ಬೆದೆಯ ನಂತರ ತೆಗೆದವುಗಳಲ್ಲಿ ಅದು ಶೇ. 8, ಎರಡರ ನಂತರ ಶೇ. 26. ಆ ಲೆಕ್ಕದ ಬಲದ ಬಗ್ಗೆ ಈಚೆಗೆ ಚರ್ಚೆ ನಡೆದಿದೆ, ಅಂಕಿಗಳನ್ನು ಕಣ್ಣುಮುಚ್ಚಿ ಹೇಳುವುದು ಸರಿಯಲ್ಲ. ಆದರೂ ಬೇಗ ಮಾಡಿಸಿದರೆ ಒಳಿತು ಎಂಬುದೇ ನಮ್ಮ ಅಭಿಪ್ರಾಯ. ದೊಡ್ಡ ತಳಿಯ ನಾಯಿಗಳಲ್ಲಿ ಕೀಲುಗಳ ವಿಚಾರವನ್ನೂ ತೂಗಿ ವೈದ್ಯರೊಡನೆ ಸಮಯ ನಿಶ್ಚಯಿಸಿ. ಬೆದೆ ತಡೆಯಲು ಕೊಡುವ ಮೆಡ್ರಾಕ್ಸಿಪ್ರೊಜೆಸ್ಟೆರೋನ್ ಚುಚ್ಚುಮದ್ದು ಮಾತ್ರ ಬೇಡ. ಅದು ಮೊಲೆಯ ಅಂಗಾಂಶದಲ್ಲೇ ಬೆಳವಣಿಗೆಯ ಹಾರ್ಮೋನು ಹುಟ್ಟಿಸಿ ಗಡ್ಡೆಗೆ ದಾರಿ ಮಾಡುತ್ತದೆ, ಗರ್ಭಕೋಶದಲ್ಲಿ ಕೀವೂ ತುಂಬಿಸುತ್ತದೆ.

ಕಾಸರಗೋಡಿನಲ್ಲಿ ಗಡ್ಡೆ ಎಂದೊಡನೆ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸುರಿದ ಎಂಡೋಸಲ್ಫಾನ್ ನೆನಪಿಗೆ ಬರುವುದು ಸಹಜ. ಆ ನೋವನ್ನು ಈ ಜಿಲ್ಲೆಯವರು ಇನ್ನೂ ಹೊತ್ತಿದ್ದಾರೆ. ನಾಯಿಯ ಮೊಲೆಯ ಗಡ್ಡೆಗೆ ಅಂಡಾಶಯದ ಹಾರ್ಮೋನು ಮುಖ್ಯ ಕಾರಣವೆಂಬುದು ಜಗತ್ತಿನೆಲ್ಲೆಡೆ ಕಂಡ ಸಂಗತಿ. ಆದರೆ ನೆಲ, ನೀರಿನ ವಿಷ ಇದಕ್ಕೆ ಏನಾದರೂ ಸೇರಿಸಿದೆಯೇ ಎಂದು ಕೇಳುವ ಹಕ್ಕು ನಮಗಿದೆ. ಮನೆಯ ನಾಯಿ ನಾವು ಕುಡಿಯುವ ನೀರನ್ನೇ ಕುಡಿದು, ನಮ್ಮ ಅಂಗಳದಲ್ಲೇ ಮಲಗುವ ಪ್ರಾಣಿ. ಯಾವ ಗ್ರಾಮದ, ಎಷ್ಟು ವಯಸ್ಸಿನ ನಾಯಿಯಲ್ಲಿ, ಯಾವ ಬಗೆಯ ಗಡ್ಡೆ ಎಂಬ ದಾಖಲೆಯಿಲ್ಲದೆ ಆ ಪ್ರಶ್ನೆಯನ್ನು ಕೇಳಲಿಕ್ಕೂ ಆಗುವುದಿಲ್ಲ.

ಆದ್ದರಿಂದ ಗ್ರಾಮ ಪಂಚಾಯತುಗಳಲ್ಲಿ ಮತ್ತು ಪಶುಸಂಗೋಪನೆಯ ಹೊಣೆ ಹೊತ್ತವರಲ್ಲಿ ನಮ್ಮ ಕೋರಿಕೆ ಇಷ್ಟು. ಪ್ರತಿವರ್ಷ ನಡೆಯುವ ರೇಬಿಸ್ ಲಸಿಕೆ ಶಿಬಿರಗಳಲ್ಲಿ ಸೂಜಿ ಹಾಕಿದ ಮೇಲೆ ಹೆಣ್ಣುನಾಯಿಯ ಹತ್ತು ಮೊಲೆಗಳನ್ನೂ ಮುಟ್ಟಿ ನೋಡಲಿ, ಒಂದು ನಿಮಿಷ ಸಾಕು. ಬೀದಿನಾಯಿಗಳ ಸಂತಾನಹರಣ ಕೇಂದ್ರಗಳಲ್ಲಿ ನಾಯಿ ಅರಿವಳಿಕೆಯಲ್ಲಿ ಮಲಗಿರುವಾಗ ಈ ಪರೀಕ್ಷೆ ಇನ್ನೂ ಸುಲಭ. ಪ್ರತಿ ಮೃಗಾಸ್ಪತ್ರೆಯಲ್ಲಿ ದ್ರಾವಣ ತುಂಬಿದ ನಾಲ್ಕು ಬಾಟಲಿ ಸದಾ ಸಿದ್ಧವಿರಲಿ. ಮಣ್ಣುತ್ತಿ ಅಥವಾ ಪೂಕೋಡಿನ ಪಶುವೈದ್ಯ ಕಾಲೇಜಿಗೆ ವಾರಕ್ಕೊಮ್ಮೆಯಾದರೂ ಅವು ಹೋಗುವ ಏರ್ಪಾಡು ಇರಲಿ. ಈ ಮಾಹಿತಿಯ ಕರಪತ್ರ ಮಲಯಾಳದ ಜೊತೆಗೆ ಕನ್ನಡದಲ್ಲೂ ಅಚ್ಚಾಗಲಿ. ಬದಿಯಡ್ಕ, ಪೈವಳಿಕೆ, ಎಣ್ಮಕಜೆಯ ಮನೆಗಳಲ್ಲಿ ನಾಯಿಗೆ ಅನ್ನ ಹಾಕುವ ಅಜ್ಜಿಯಂದಿರೇ ಗಂಟನ್ನು ಮೊದಲು ಕಾಣುವವರು, ಅವರು ಓದುವುದು ಕನ್ನಡವನ್ನು.

ಇತಿ,
ಇಬ್ಬರು ಪಶುವೈದ್ಯರು,
ಕಾಸರಗೋಡು ಜಿಲ್ಲೆ